ಹಳೇ ಕಾರ್ಬೊರೇಟರ್ ಝೆನ್‌ಗೆ ಕಮ್ಮಿ ಖರ್ಚಲ್ಲಿ ಪಿಕಪ್ ತರಿಸೋದು ಹೇಗೆ: ಪೂರ್ತಿ ಗೈಡ್

ಮಾರುತಿ ಝೆನ್ 1993ರಲ್ಲಿ ಬಂತು, 2000ದ ಆಸುಪಾಸಿನ ತನಕ ಕಾರ್ಬೊರೇಟರ್‌ನಲ್ಲೇ (ಪೆಟ್ರೋಲ್, ಗಾಳಿ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ, ಚಿಕ್ಕದಾಗಿ ಕಾರ್ಬ್) ಓಡ್ತು, ಆ ಗಾಡಿಗಳು ಈಗ್ಲೂ ಎಷ್ಟೋ ಮನೆ ಮುಂದೆ ಕವರ್ ಹೊದ್ಕೊಂಡು ನಿಂತಿವೆ. ಮಾರೋಕೆ ಮನಸಿಲ್ಲ, ಓಡಿಸೋಣ ಅಂದ್ರೆ ನಾಲ್ಕು ಜನ ಕೂತು ಎಸಿ ಹಾಕಿದ್ರೆ ಫ್ಲೈಓವರ್ ಹತ್ತೋಕೂ ಏದುಸಿರು. ಇಂಥ ಗಾಡಿ ಇರೋರು ಮೊದ್ಲು ಕೇಳೋದು "ಯಾವ ಫಿಲ್ಟರ್ ಹಾಕ್ಸಿದ್ರೆ ಪಿಕಪ್ ಬರತ್ತೆ" ಅಂತ. ಫಿಲ್ಟರ್ ಆಮೇಲೆ ಸ್ವಾಮಿ. ಕಂಪನಿ ಕೊಟ್ಟಿದ್ದ ಪವರ್ ಎಲ್ಲಿ ಸೋರಿಹೋಗಿದೆ ಅಂತ ಹುಡುಕಿ ಅದನ್ನ ವಾಪಸ್ ತಗೊಳೋದೇ ಅತೀ ಸಸ್ತಾ ಮಾಡಿಫಿಕೇಶನ್, ಅದಾದ್ಮೇಲೆ ಉಳಿದ ದುಡ್ಡಿಗೆ ಜೆಟ್ಟು (ಕಾರ್ಬಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತು), ಟೈಮಿಂಗು (ಪ್ಲಗ್ ಕಿಡಿ ಹಾರೋ ಹೊತ್ತು), ಸೈಲೆನ್ಸರು, ಹೆಡ್ಡು (ವಾಲ್ವ್‌ಗಳಿರೋ ಇಂಜಿನ್ ಮೇಲ್ಭಾಗ) ಈ ಕ್ರಮದಲ್ಲಿ ಹೋಗಬೇಕು.

ಲೆಕ್ಕ ನೋಡಿ. 993 ಸಿಸಿ, ನಾಲ್ಕು ಸಿಲಿಂಡರ್, 72 ಮಿ.ಮೀ. ಬೋರ್ (ಸಿಲಿಂಡರ್ ಅಗಲ), 61 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡೋ ಉದ್ದ), ಹೊಸದ್ರಲ್ಲಿ 50 ಬಿಎಚ್‌ಪಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಹೆಚ್ಚುಕಡಿಮೆ 10 ಪರ್ಸೆಂಟ್ ತೆಳು, ಅಂದ್ರೆ ಟರ್ಬೋ ಇಲ್ಲದ ಯಾವ ಇಂಜಿನ್ ಆದ್ರೂ ಅಷ್ಟು ಪವರ್ ಹುಟ್ಟಿದಾಗಿಂದ್ಲೇ ಕಳ್ಕೊಂಡಿರತ್ತೆ. ಅದ್ರ ಮೇಲೆ ವಾಲ್ವ್ ಲೀಕು, ಟೈಮಿಂಗ್ ಹಿಂದೆ, ಕೊಳಕು ಕಾರ್ಬು ಸೇರಿದ್ರೆ ಚಕ್ರಕ್ಕೆ ಸಿಗೋದು ಎಷ್ಟು ಅಂತ ನೀವೇ ಊಹಿಸ್ಕೊಳಿ. ಒಳ್ಳೇ ಸುದ್ದಿ ಏನಂದ್ರೆ ಗಾಡಿ ತೂಕ ಮುಕ್ಕಾಲು ಟನ್ ಅಷ್ಟೇ, ಐದು ಬಿಎಚ್‌ಪಿ ಜಾಸ್ತಿ ಆದ್ರೂ ಕಾಲಿಗೆ ಗೊತ್ತಾಗತ್ತೆ. ಮಾರುತಿ 800, ಕಾರ್ಬ್ ಎಸ್ಟೀಮ್, ಓಮ್ನಿ ಇರೋರಿಗೂ ಇದ್ರಲ್ಲಿ ಬಹುತೇಕ ಅನ್ವಯ ಆಗತ್ತೆ, ಅಳತೆಗಳು, ಟ್ಯಾಪೆಟ್ ಸೆಟ್ ಮಾಡೋ ಕ್ರಮ ಮಾತ್ರ ನಿಮ್ಮ ಗಾಡಿ ಸರ್ವಿಸ್ ಮ್ಯಾನುಯಲ್ ನೋಡ್ಕೊಳಿ.

ಮೊದ್ಲು ಅಳೆಯಿರಿ

ಅಳೆಯದೆ ಮಾಡಿದ ಮಾಡಿಫಿಕೇಶನ್ ಎಲ್ಲಾ ಮನಸಿನ ಸಮಾಧಾನಕ್ಕೆ. ಸೈಲೆನ್ಸರ್ ಸೌಂಡ್ ಜೋರಾದ ತಕ್ಷಣ ಗಾಡಿ ಫಾಸ್ಟ್ ಆಯ್ತು ಅನ್ಸತ್ತೆ, ಆಗಿರಲ್ಲ. ಊರ ಹೊರಗೆ ಸಮತಟ್ಟಾದ ಖಾಲಿ ರಸ್ತೆ ನೋಡ್ಕೊಂಡು, ಇಂಜಿನ್ ಪೂರ್ತಿ ಬಿಸಿ ಆದ್ಮೇಲೆ, ಎಸಿ ಆಫ್, ಗ್ಲಾಸ್ ಏರಿಸಿ, ಮೂರನೇ ಗೇರಲ್ಲಿ 40ರಿಂದ 80ಕ್ಕೆ ಎಷ್ಟು ಸೆಕೆಂಡ್ ಅಂತ ಪಕ್ಕದಲ್ಲಿ ಕೂತೋರ ಹತ್ರ ಮೊಬೈಲ್ ಜಿಪಿಎಸ್ ಆಪ್‌ನಲ್ಲಿ ನೋಡಿಸಿ, ಹೋಗೋ ದಿಕ್ಕು ಬರೋ ದಿಕ್ಕು ಎರಡೂ, ಸರಾಸರಿ ಬರ್ಕೊಳಿ. ಸ್ಪೀಡೋಮೀಟರ್ ನಂಬಬೇಡಿ, ಹಳೇ ಗಾಡಿಲಿ ಅದು ಜಾಸ್ತಿನೇ ತೋರ್ಸತ್ತೆ. ಪ್ರತೀ ಕೆಲಸ ಆದ್ಮೇಲೂ ಇದೇ ರಸ್ತೆ, ಇದೇ ಗೇರು, ಟೈರಲ್ಲಿ ಇಷ್ಟೇ ಗಾಳಿ. ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ, ನಾಲ್ಕು ಒಟ್ಟಿಗೆ ಮಾಡಿದ್ರೆ ಯಾವುದು ಕೆಲಸ ಮಾಡ್ತು ಯಾವುದು ಕೆಡಿಸ್ತು ಗೊತ್ತಾಗಲ್ಲ.

ಇನ್ನೊಂದು ಅಳತೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿನ ಎಷ್ಟು ಒತ್ತತ್ತೆ ಅನ್ನೋದು. ಗೇಜ್ ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಸಿಗತ್ತೆ, ಇಲ್ಲಾ ಗ್ಯಾರೇಜಲ್ಲಿ ನೋಡಿಸಿ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಬ್ಯಾಟರಿ ಫುಲ್ ಚಾರ್ಜ್ ಇರಬೇಕು, ಆಕ್ಸಿಲರೇಟರ್ ಪೂರ್ತಿ ತುಳಿದು ಐದಾರು ಸುತ್ತು ಸೆಲ್ಫ್ ಹೊಡೀರಿ. ಆಕ್ಸಿಲರೇಟರ್ ತುಳೀದೇ ನೋಡಿದ್ರೆ ರೀಡಿಂಗ್ ಕಮ್ಮಿ ಬಂದು ಸುಮ್ನೆ ಗಾಬರಿ ಬೀಳ್ತೀರಿ. ಕರಾವಳಿಲಿ 170 ಪಿಎಸ್ಐ ಮೇಲಿದ್ರೆ ಇಂಜಿನ್ ಆರೋಗ್ಯವಾಗಿದೆ, ಬೆಂಗಳೂರು ಮೈಸೂರು ಕಡೆ ಎತ್ತರದ ದೆಸೆಯಿಂದ್ಲೇ ಇದು ಹತ್ತು ಪರ್ಸೆಂಟ್ ಕೆಳಗೆ ಬರತ್ತೆ, ಹೆದರಬೇಡಿ. ಅದಕ್ಕಿಂತ ಮುಖ್ಯ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ, 15 ಪಿಎಸ್ಐ ದಾಟಬಾರದು. ಒಂದು ಸಿಲಿಂಡರ್ ಕಮ್ಮಿ ಬಂತಾ, ಪ್ಲಗ್ ತೂತಿಂದ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ರೀಡಿಂಗ್ ಮೇಲೆ ಬಂದ್ರೆ ಪಿಸ್ಟನ್ ರಿಂಗ್ ಸವೆದಿದೆ, ಹಾಗೇ ಇದ್ರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ರಿಂಗ್ ಹೋಗಿರೋ ಇಂಜಿನ್‌ಗೆ ಫ್ರೀ ಫ್ಲೋ ಸೈಲೆನ್ಸರ್ ಹಾಕೋದು ದಂಡ, ಆ ದುಡ್ಡು ಎತ್ತಿಟ್ಟು ಇಂಜಿನ್ ಕೆಲಸಕ್ಕೇ ಹಾಕಿ.

ಸೋರಿಹೋದ ಪವರ್ ವಾಪಸ್

ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್ ತುದೀಲಿ ಬಿಡೋ ಸಣ್ಣ ಸಂದು) ಎಲ್ಲಕ್ಕಿಂತ ಮೊದ್ಲು, ಯಾಕಂದ್ರೆ ಇದಕ್ಕೆ ಸಂದು ಅಳೆಯೋ ಫೀಲರ್ ಗೇಜ್ ಬಿಟ್ರೆ ಖರ್ಚೇ ಇಲ್ಲ. ಎಷ್ಟೋ ಜನ ಟಕಟಕ ಸೌಂಡ್ ಬರಬಾರ್ದು ಅಂತ ಬಿಗಿ ಮಾಡಿಸಿರ್ತಾರೆ, ಬಿಸಿ ಆದಾಗ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರೋದೇ ಇಲ್ಲ, ಕಂಪ್ರೆಷನ್ ಸೋರಿ ವಾಲ್ವ್ ಸುಡತ್ತೆ. ಗ್ಯಾಸ್ ಕಿಟ್ ಇರೋ ಗಾಡಿಲಂತೂ ಇದು ಮಾಮೂಲು. ತಣ್ಣಗಿರೋ ಇಂಜಿನಲ್ಲಿ ಇನ್‌ಟೇಕ್ 0.15 ಮಿ.ಮೀ. ಹತ್ರ, ಎಕ್ಸಾಸ್ಟ್ ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿ. ಫೈರಿಂಗ್ ಆರ್ಡರ್ 1-3-4-2, ಹಾಗಾಗಿ ಒಂದನೇ ಸಿಲಿಂಡರ್ ಕಂಪ್ರೆಷನ್ ತುದೀಲಿ ನಿಲ್ಲಿಸಿ, ಆಗ ಒಂದನೇದ್ರ ಎರಡೂ ವಾಲ್ವ್, ಎರಡನೇದ್ರ ಇನ್‌ಟೇಕ್, ಮೂರನೇದ್ರ ಎಕ್ಸಾಸ್ಟ್ ಸೆಟ್ ಮಾಡಬಹುದು. ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿ ಮಿಕ್ಕ ನಾಲ್ಕು. ಸ್ವಲ್ಪ ಟಕಟಕ ಇದ್ರೆ ಇರ್ಲಿ ಬಿಡಿ, ಸೌಂಡ್ ಮಾಡೋ ಟ್ಯಾಪೆಟ್ ವಾಲ್ವ್ ಸುಡಲ್ಲ.

ಆಮೇಲೆ ಇಗ್ನಿಷನ್. ನಾಲ್ಕು ಹೊಸ ಪ್ಲಗ್, ಕಂಪನಿ ಹೇಳಿದ ಹೀಟ್ ರೇಂಜಿಂದೇ, ಗ್ಯಾಪ್ 0.8 ಮಿ.ಮೀ. ಹತ್ರ, ಇರಿಡಿಯಂ ಬೇಡ, ಅದು ಜಾಸ್ತಿ ದಿನ ಬರತ್ತೆ ಅಷ್ಟೇ, ಪವರ್ ಕೊಡಲ್ಲ. ಪ್ಲಗ್ ವೈರ್ ಹಳೇದಾಗಿದ್ರೆ ಕತ್ತಲಲ್ಲಿ ಬಾನೆಟ್ ತೆಗೆದು ನೋಡಿ, ನೀಲಿ ಕಿಡಿ ಹಾರ್ತಿದ್ರೆ ಸೆಟ್ ಬದಲಾಯಿಸಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗಿನ ಕರಕಲು ಕ್ಲೀನ್ ಮಾಡಿ, ರೋಟರ್ ನೋಡಿ. ಡಿಸ್ಟ್ರಿಬ್ಯೂಟರ್ ಅಂದ್ರೆ ನಾಲ್ಕೂ ಪ್ಲಗ್‌ಗೆ ಕರೆಂಟ್ ಹಂಚೋ ಭಾಗ, ನಮ್ಮ ಮೆಕ್ಯಾನಿಕ್‌ಗಳ ಡೆಲ್ಕೊ. ಅದ್ರ ಪಕ್ಕ ಚಪ್ಪಟೆ ಡಬ್ಬಿ ಥರ ಇರೋದು ಕಿಡಿ ಹೊತ್ತನ್ನ ಮುಂದೆ ತರೋ ವ್ಯಾಕ್ಯೂಮ್ ಅಡ್ವಾನ್ಸ್, ಅದ್ರ ಪೈಪ್ ಬಿಚ್ಚಿ ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ, ಎಳೆತ ಹಿಡ್ಕೊಂಡು ನಿಲ್ಲಬೇಕು, ಗಾಳಿ ಬಂದ್ರೆ ಒಳಗೆ ಡಯಾಫ್ರಮ್ ಹರಿದಿದೆ. ಹಳೇ ಗಾಡಿಲಿ ಮೈಲೇಜ್ ಇಲ್ಲ, ಪಿಕಪ್ ಇಲ್ಲ ಅಂತ ಕಾರ್ಬ್‌ಗೆ ಬೈಯೋರಲ್ಲಿ ಎಷ್ಟೋ ಜನಕ್ಕೆ ನಿಜವಾದ ಕಳ್ಳ ಇದೇ. ಕೆಳಗೆ ಇರೋ ಮೆಕ್ಯಾನಿಕಲ್ ಅಡ್ವಾನ್ಸ್ ತೂಕಗಳೂ ತುಕ್ಕು ಹಿಡಿದು ಅಂಟ್ಕೊಂಡಿರತ್ತೆ, ರೋಟರ್ ಕೈಲಿ ತಿರುಗಿಸಿ ಬಿಟ್ರೆ ಸ್ಪ್ರಿಂಗ್ ಥರ ವಾಪಸ್ ಬರಬೇಕು.

ಇಂಜಿನ್ ಬಿಸಿ ಆಗೋ ತನಕ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯೋ ತರ್ಮೋಸ್ಟಾಟ್ ವಾಲ್ವ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಗಾಡಿ ಒಂದ್ಸಲ ಹೀಟ್ ಆಯ್ತು ಅಂತ ಅದನ್ನ ಕಿತ್ತು ಬಿಸಾಕೋದು ನಮ್ಮಲ್ಲಿ ದೊಡ್ಡ ಚಾಳಿ, ನಿಮ್ಮದ್ರಲ್ಲೂ ಇದ್ಯೋ ಇಲ್ವೋ ಬಿಚ್ಚಿ ನೋಡಿ. ಅದಿಲ್ಲದ ಇಂಜಿನ್ ಬೆಳಗ್ಗೆ ಹೊತ್ತು ಬಿಸಿ ಆಗೋದೇ ಇಲ್ಲ, ತಣ್ಣಗಿನ ಇಂಜಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿ ಆಗಲ್ಲ, ಸಿಲಿಂಡರ್ ಗೋಡೆ ಮೇಲಿನ ಆಯಿಲ್ ತೊಳೆದುಹೋಗಿ ಬೋರ್ ಬೇಗ ಸವೆಯತ್ತೆ, ಪಿಕಪ್ಪೂ ಇಲ್ಲ ಮೈಲೇಜೂ ಇಲ್ಲ. ಹೊಸದು ಹಾಕ್ಸಿ, ಜೊತೆಗೆ ರೇಡಿಯೇಟರ್ ಕ್ಯಾಪ್ ಬದಲಾಯಿಸಿ, ನಲ್ಲಿ ನೀರಿನ ಬದ್ಲು ಕೂಲೆಂಟ್ ಹಾಕಿ. ಇಂಜಿನ್ ಹೀಟ್ ಆಗ್ತಿದ್ರೆ ಕಾರಣ ರೇಡಿಯೇಟರ್, ಫ್ಯಾನ್ ಸ್ವಿಚ್, ವಾಟರ್ ಪಂಪ್ ಇದ್ರಲ್ಲಿ ಎಲ್ಲೋ ಇದೆ, ಅಲ್ಲಿ ಹುಡುಕಬೇಕು.

ಕ್ಲಚ್ ಚೆಕ್ ಮಾಡೋದು ಸುಲಭ, ನಾಲ್ಕನೇ ಗೇರಲ್ಲಿ 40ರಲ್ಲಿ ಏರು ಹತ್ತುವಾಗ ಪೂರ್ತಿ ತುಳೀರಿ, ಆರ್‌ಪಿಎಂ ಏರಿ ಸ್ಪೀಡ್ ಏರದಿದ್ರೆ ಸ್ಲಿಪ್ ಆಗ್ತಿದೆ. ಹ್ಯಾಂಡ್ ಬ್ರೇಕ್ ಅಥವಾ ಹಿಂದಿನ ಡ್ರಮ್ ಹಿಡ್ಕೊಂಡಿದ್ಯಾ ಅಂತ ಜಾಕ್ ಹಾಕಿ ಚಕ್ರ ತಿರುಗಿಸಿ ನೋಡಿ.

ಕಾರ್ಬು, ಜೆಟ್ಟು, ಇ20 ಪೆಟ್ರೋಲ್

ಕಾರ್ಬ್ ಬಿಚ್ಚಿ, ಜೆಟ್‌ಗಳನ್ನ ತೆಗೆದು, ಕಾರ್ಬ್ ಕ್ಲೀನರ್ ಸ್ಪ್ರೇ ಮತ್ತೆ ಕಂಪ್ರೆಸರ್ ಗಾಳಿಲಿ ಊದಿಸಿ. ತಂತಿ ತೂರಿಸಿ ಕ್ಲೀನ್ ಮಾಡೋಕೆ ಯಾರಿಗೂ ಬಿಡಬೇಡಿ, ಜೆಟ್ ತೂತು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಮಾಡಿರ್ತಾರೆ, ತಂತಿ ಗೀಚಿದ್ರೆ ದೊಡ್ಡದಾಯ್ತು. ರಿಪೇರಿ ಕಿಟ್ ಜೆ.ಸಿ. ರೋಡ್ ಕಡೆ ಕೇಳಿದ್ರೆ ಸಿಗತ್ತೆ, ಒಳ್ಳೇ ಸ್ಥಿತೀಲಿರೋ ಇಡೀ ಕಾರ್ಬ್ ಬೇಕಿದ್ರೆ ಶಿವಾಜಿನಗರದ ಗುಜರಿಲಿ ಹುಡುಕಬಹುದು, ಆದ್ರೆ ಥ್ರಾಟಲ್ ಸ್ಪಿಂಡಲ್ ಅಲ್ಲಾಡಿಸಿ ನೋಡಿ ತಗೊಳಿ, ಅಲ್ಲಾಡಿದ್ರೆ ಅದ್ರ ಪಕ್ಕದಿಂದ ಗಾಳಿ ಎಳೆದು ಐಡ್ಲಿಂಗ್ (ಆಕ್ಸಿಲರೇಟರ್ ತುಳೀದೆ ಇಂಜಿನ್ ಓಡೋದು) ಯಾವತ್ತೂ ಒಂದೇ ಸಮ ಬರಲ್ಲ. ಎರಡು ಬ್ಯಾರೆಲ್ ಕಾರ್ಬ್ ಇದು, ಎರಡನೇ ಬ್ಯಾರೆಲ್ ಜಾಸ್ತಿ ತುಳಿದಾಗ ತೆರ್ಕೊಬೇಕು, ಎಷ್ಟೋ ಗಾಡಿಲಿ ಅದು ಅಂಟ್ಕೊಂಡೋ ಅದನ್ನ ಎಳೆಯೋ ಡಯಾಫ್ರಮ್ ಹರಿದೋ ವರ್ಷಗಟ್ಟಲೆ ತೆರೆದೇ ಇರಲ್ಲ, ಓನರ್ ಅರ್ಧ ಕಾರ್ಬಲ್ಲೇ ಓಡಾಡ್ತಿರ್ತಾರೆ. ಅದು ಸರಿಹೋದ ದಿನ 60ರ ಮೇಲೆ ಬೇರೆ ಗಾಡಿನೇ ಅನ್ಸತ್ತೆ.

ಈಗ ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್) ವಿಷಯ, ಇದನ್ನ ನಿಧಾನವಾಗಿ ಓದಿ. ಬರೀ ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಕೆಜಿಗೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು, 20 ಪರ್ಸೆಂಟ್ ಬೆರೆಸಿದ್ರೆ 13.5ರ ಹತ್ರ. ಎಂಪಿಎಫ್ಐ (ಕಾರ್ಬ್ ಬದ್ಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸೋ) ಗಾಡಿಲಿ ಆಕ್ಸಿಜನ್ ಸೆನ್ಸರ್ ಇದ್ರೆ ಕಂಪ್ಯೂಟರ್ ಇದನ್ನ ಸರಿ ಮಾಡ್ಕೊಳತ್ತೆ, ಕಾರ್ಬ್‌ಗೆ ಕಣ್ಣಿಲ್ಲ, ಹಳೇ ಜೆಟ್ಟಲ್ಲಿ ಅಷ್ಟೇ ಇಂಧನ ಬಿಡತ್ತೆ, ಹಾಗಾಗಿ ಮಿಕ್ಸ್ಚರ್ ಏಳೆಂಟು ಪರ್ಸೆಂಟ್ ಲೀನ್ (ಪೆಟ್ರೋಲ್ ಕಮ್ಮಿ) ಆಗತ್ತೆ. ಇನ್ನೊಂದು ಕಡೆ ಎತ್ತರದ ಊರಲ್ಲಿ ಗಾಳಿ ತೆಳುವಾದ್ದರಿಂದ ಕಾರ್ಬ್ ಐದು ಪರ್ಸೆಂಟ್ ಹತ್ರ ರಿಚ್ (ಪೆಟ್ರೋಲ್ ಜಾಸ್ತಿ) ಆಗತ್ತೆ. ಬೆಂಗಳೂರು, ಚಿಕ್ಕಮಗಳೂರು ಕಡೆ ಇವೆರಡೂ ಹೆಚ್ಚುಕಡಿಮೆ ವಜಾ ಆಗೋದ್ರಿಂದ ಸ್ಟಾಕ್ ಜೆಟ್ಟಲ್ಲೇ ಗಾಡಿ ಸುಮಾರಾಗಿ ಓಡತ್ತೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಆ ಭಾಗ್ಯ ಇಲ್ಲ, ಅಲ್ಲಿ ಲೀನ್ ಪೂರ್ತಿ ಕಾಣತ್ತೆ, ತುಳಿದಾಗ ಒಂದು ಕ್ಷಣ ತಡವರಿಸೋದು, ಇಂಜಿನ್ ಬಿಸಿ ಜಾಸ್ತಿ, ಪ್ಲಗ್ ತುದಿ ಬೆಳ್ಳಗೆ. ಅಲ್ಲಿಯವ್ರು ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕೋದು ಸರಿ. ಬೆಂಗಳೂರವ್ರು ಸುಮ್ಮನೆ ದೊಡ್ಡ ಜೆಟ್ ಹಾಕಿದ್ರೆ ಪೆಟ್ರೋಲ್ ಕುಡಿಯೋದು ಬಿಟ್ಟು ಏನೂ ಆಗಲ್ಲ. ಪ್ಲಗ್ ಬಣ್ಣ ನೋಡಿ ನಿರ್ಧಾರ ಮಾಡಿ, ತಿಳಿ ಕಂದು ಇದ್ರೆ ಮುಟ್ಟಬೇಡಿ.

ಐಡ್ಲಿಂಗ್ ಮಿಕ್ಸ್ಚರ್ ಸೆಟ್ ಮಾಡೋಕೆ ಗ್ಯಾಸ್ ಅನಲೈಸರ್ ಬೇಕು, ಅದು ಪಿಯುಸಿ ಸೆಂಟರಲ್ಲಿ ಇದ್ದೇ ಇದೆ. ಜನ ಇಲ್ಲದ ಹೊತ್ತಲ್ಲಿ ಹೋಗಿ ನೂರು ರೂಪಾಯಿ ಜಾಸ್ತಿ ಕೊಟ್ಟು "ಸಾರ್, ಸ್ವಲ್ಪ ಹೊತ್ತು ರೀಡಿಂಗ್ ನೋಡ್ತಾ ಸ್ಕ್ರೂ ತಿರುಗಿಸ್ಕೊಳ್ತೀನಿ" ಅಂದ್ರೆ ಯಾರೂ ಬೇಡ ಅನ್ನಲ್ಲ. ಭಾರತ್ ಸ್ಟೇಜ್ 2 ಹೊಗೆ ನಿಯಮಕ್ಕಿಂತ ಮುಂಚಿನ ಪೆಟ್ರೋಲ್ ಕಾರಿಗೆ ಲಿಮಿಟ್ 3 ಪರ್ಸೆಂಟ್ ಕಾರ್ಬನ್ ಮಾನಾಕ್ಸೈಡ್, ನೀವು 1ರಿಂದ 2ರ ಮಧ್ಯೆ ತಂದಿಡಿ.

ರಬ್ಬರ್ ಹೋಸ್ ಬದಲಾಯಿಸೋದು ಪಿಕಪ್‌ಗಲ್ಲ, ಪ್ರಾಣಕ್ಕೆ. ಇಪ್ಪತ್ತೈದು ವರ್ಷದ ಪೆಟ್ರೋಲ್ ಪೈಪ್ ಎಥನಾಲ್‌ಗೆ ಮೆತ್ತಗಾಗಿ ಬಿರುಕು ಬಿಡತ್ತೆ, ಅದು ಸೋರೋದು ಬಿಸಿ ಇಂಜಿನ್ ಮೇಲೆ. ಎಸ್‌ಎಇ ಜೆ30 ಆರ್9 ಅಂತ ಮೇಲೆ ಅಚ್ಚಾಗಿರೋ ಹೋಸ್ ಕೇಳಿ, ಜೊತೆಗೆ ಹೊಸ ಕ್ಲಿಪ್ಪು, ಹೊಸ ಫಿಲ್ಟರ್.

ಟೈಮಿಂಗ್: ಫ್ರೀಯಾಗಿ ಸಿಗೋ ಪವರ್

ಇ20 ತಂದ ಒಂದೇ ಉಪಕಾರ ಆಕ್ಟೇನ್, ಅಂದ್ರೆ ನಾಕಿಂಗ್ (ಪೆಟ್ರೋಲ್ ಸಿಲಿಂಡರಲ್ಲಿ ತಾನಾಗೇ ಸಿಡಿಯೋದು) ತಡೆಯೋ ಶಕ್ತಿ. ಈ ಗಾಡಿ ಬಂದ ಕಾಲದ ಮಾಮೂಲಿ ಪೆಟ್ರೋಲ್ 90 ಆಕ್ಟೇನ್ ಕೂಡ ಇರ್ಲಿಲ್ಲ, ಈಗಿನ ಮಾಮೂಲಿ ಇ20 95 ಆಕ್ಟೇನ್ ಅಂತ ಪೆಟ್ರೋಲಿಯಂ ಇಲಾಖೆನೇ ಹೇಳತ್ತೆ. ಅಂದ್ರೆ ಇಂಜಿನ್ ನಾಕಿಂಗ್ ಆಗೋ ಮುಂಚೆ ಟೈಮಿಂಗ್ ಸ್ವಲ್ಪ ಮುಂದೆ ತರೋಕೆ ಜಾಗ ಇದೆ, ಅದಕ್ಕೆ ನೂರು ಆಕ್ಟೇನ್‌ನ ಪ್ರೀಮಿಯಂ ಪೆಟ್ರೋಲ್ ಬೇಕಾಗಿಲ್ಲ.

ಟೈಮಿಂಗ್ ಲೈಟ್ ಬೇಕು, ಕಿವಿ ಮೇಲೆ ಸೆಟ್ ಮಾಡೋ ಮೆಕ್ಯಾನಿಕ್ ಎಷ್ಟೇ ಅನುಭವಸ್ಥ ಆಗಿರ್ಲಿ ಲೈಟ್ ಹಾಕ್ಸಿ. ಇಂಜಿನ್ ಬಿಸಿ, ಐಡ್ಲಿಂಗ್ 850 ಆರ್‌ಪಿಎಂ ಹತ್ರ, ಮ್ಯಾನುಯಲ್ ಹೇಳಿದ್ರೆ ವ್ಯಾಕ್ಯೂಮ್ ಪೈಪ್ ಬಿಚ್ಚಿ ಮುಚ್ಚಿ, ಮೊದ್ಲು ಕಂಪನಿ ಹೇಳಿದ ಡಿಗ್ರಿಗೆ ತನ್ನಿ. ಇಷ್ಟಕ್ಕೇ ಎಷ್ಟೋ ಗಾಡಿ ಸರಿಹೋಗತ್ತೆ. ಆಮೇಲೆ ಡೆಲ್ಕೊ ಬೋಲ್ಟ್ ಸಡಿಲ ಮಾಡಿ ಎರಡು ಡಿಗ್ರಿ ಮುಂದೆ, ರಸ್ತೆಗೆ ಹೋಗಿ, ನಾಲ್ಕನೇ ಗೇರಲ್ಲಿ 40ರಲ್ಲಿ ಏರಲ್ಲಿ ಪೂರ್ತಿ ತುಳಿದು ಕೇಳಿಸ್ಕೊಳಿ, ಡಬ್ಬಿಲಿ ಸಣ್ಣ ಕಲ್ಲು ಅಲ್ಲಾಡಿಸಿದ ಹಾಗೆ ಕಿರಿಕಿರಿ ಸೌಂಡ್ ಬಂತಾ, ವಾಪಸ್ ಎರಡು ಡಿಗ್ರಿ. ಬರ್ಲಿಲ್ಲ ಅಂದ್ರೆ ಇನ್ನೊಂದು ಎರಡು ಡಿಗ್ರಿ ನೋಡಿ, ಅಲ್ಲಿಗೆ ನಿಲ್ಲಿಸಿ. ಈ ಟೆಸ್ಟ್ ಮಧ್ಯಾಹ್ನದ ಬಿಸಿಲಲ್ಲಿ ಮಾಡಿ, ಬೆಳಗಿನ ಚಳೀಲಿ ನಾಕ್ ಆಗದ್ದು ಏಪ್ರಿಲ್ ತಿಂಗಳಲ್ಲಿ ಚಾರ್ಮಾಡಿ ಹತ್ತುವಾಗ ಆಗತ್ತೆ.

ಫಿಲ್ಟರು, ಸೈಲೆನ್ಸರು

ಬಾನೆಟ್ ಒಳಗೆ ಓಪನ್ ಕೋನ್ ಫಿಲ್ಟರ್ ಹಾಕ್ಸೋರು ಜಾಸ್ತಿ, ಸೌಂಡ್ ಚೆನ್ನಾಗಿ ಬರತ್ತೆ ನಿಜ, ಆದ್ರೆ ಅದು ಎಳೆಯೋದು ಇಂಜಿನ್ ಬಿಸಿ ಗಾಳಿ. ಗಾಳಿ ಹತ್ತು ಡಿಗ್ರಿ ಬಿಸಿ ಆದ್ರೆ ಮೂರು ಪರ್ಸೆಂಟ್ ತೆಳು ಆಗತ್ತೆ, ಟ್ರಾಫಿಕಲ್ಲಿ ಬಾನೆಟ್ ಒಳಗೆ ಹೊರಗಿಗಿಂತ ಮೂವತ್ತು ಡಿಗ್ರಿ ಜಾಸ್ತಿ ಇರೋದು ದೊಡ್ಡ ವಿಷಯ ಅಲ್ಲ, ಲೆಕ್ಕ ಹಾಕಿ. ಕಂಪನಿ ಫಿಲ್ಟರ್ ಡಬ್ಬಿ ಇಟ್ಕೊಂಡು, ಹೊಸ ಪೇಪರ್ ಫಿಲ್ಟರ್ ಹಾಕಿ, ಅದ್ರ ಮೂತಿಗೆ ಒಂದು ಪೈಪ್ ಕೊಟ್ಟು ಗ್ರಿಲ್ ಹಿಂದಿಂದ ತಣ್ಣನೆ ಗಾಳಿ ಬರೋ ಹಾಗೆ ಮಾಡಿ. ಮೂತಿ ಕೆಳಮುಖ ಬೇಡ, ಮಳೆಗಾಲದಲ್ಲಿ ಅಂಡರ್‌ಪಾಸ್ ನೀರು ಒಳಗೆ ಹೋದ್ರೆ ಕನೆಕ್ಟಿಂಗ್ ರಾಡ್ ಬಾಗತ್ತೆ.

ಸೈಲೆನ್ಸರ್ ಕಡೆ ನಿಜವಾದ ಲಾಭ ಹೆಡರ್‌ನಲ್ಲಿದೆ, ಅಂದ್ರೆ ಎರಕದ ಮ್ಯಾನಿಫೋಲ್ಡ್ ತೆಗೆದು ನಾಲ್ಕು ಪೈಪ್ ಎರಡಾಗಿ ಎರಡು ಒಂದಾಗಿ ಸೇರೋ ಸ್ಟೀಲ್ ಪೈಪ್ ಸೆಟ್. ಝೆನ್, ಎಸ್ಟೀಮ್, ಜಿಪ್ಸಿ ಎಲ್ಲಾ ನಮ್ಮ ರ‍್ಯಾಲಿಗಳಲ್ಲಿ ಓಡಿದ ಗಾಡಿಗಳು, ಇದ್ರ ಫ್ಯಾಬ್ರಿಕೇಶನ್ ಬಲ್ಲವ್ರು ಬೆಂಗಳೂರಲ್ಲಿ ಸಿಗ್ತಾರೆ. ಒಂದು ಲೀಟರ್ ಇಂಜಿನ್‌ಗೆ ಹಿಂದಿನ ಪೈಪ್ ಒಂದೂವರೆಯಿಂದ ಒಂದೂ ಮುಕ್ಕಾಲು ಇಂಚು ಸಾಕು. ದೊಡ್ಡ ಪೈಪ್ ಅಂದ್ರೆ ದೊಡ್ಡ ಪವರ್ ಅಂತ ಎರಡು ಇಂಚು ಹಾಕಿಸಿದ್ರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸತ್ತುಹೋಗತ್ತೆ, ಸಿಟೀಲಿ ಓಡಿಸೋದೇ ಅಲ್ಲಿ. ಕೊನೇ ಮಫ್ಲರ್ ಇರ್ಲಿ, ತೆಗೆಸಬೇಡಿ, ಪೋಲೀಸ್ ಫೈನ್ ಜೊತೆ ಪಕ್ಕದ ಮನೆಯವ್ರ ಶಾಪ ಬೇರೆ. ಹೆಡರ್ ಹಾಕಿದ್ಮೇಲೆ ಪ್ಲಗ್ ಬಣ್ಣ ಮತ್ತೆ ನೋಡಿ, ಲೀನ್ ಆಗಿರತ್ತೆ, ಆಗ ಬೆಂಗಳೂರಲ್ಲೂ ಜೆಟ್ ಒಂದು ಸೈಜ್ ಮೇಲೆ ಹೋಗಬೇಕಾಗಬಹುದು.

ಹೆಡ್ ಇಳಿಸೋದಾದ್ರೆ

ಕಂಪ್ರೆಷನ್ ಟೆಸ್ಟಲ್ಲಿ ವಾಲ್ವ್ ಲೀಕ್ ಅಂತ ಬಂದಿದ್ರೆ ಹೇಗೂ ಹೆಡ್ ಇಳಿಸ್ಲೇಬೇಕು, ಆಗ ಸ್ವಲ್ಪ ಜಾಸ್ತಿ ಖರ್ಚು ಮಾಡಿ ಒಳ್ಳೇ ಲೇತ್ ವರ್ಕ್ಸ್‌ನಲ್ಲಿ ಮೂರು ಕೆಲಸ ಮಾಡಿಸ್ಕೊಳಿ. ವಾಲ್ವ್ ಸೀಟ್ ಮೂರು ಕೋನದಲ್ಲಿ ಕಟಿಂಗ್ ಮಾಡಿ ಲ್ಯಾಪಿಂಗ್ (ವಾಲ್ವ್‌ನ ಸೀಟ್ ಮೇಲೆ ಉಜ್ಜಿ ಸೋರದ ಹಾಗೆ ಕೂರಿಸೋದು). ಮ್ಯಾನಿಫೋಲ್ಡ್ ತೂತು, ಗ್ಯಾಸ್ಕೆಟ್ ತೂತು, ಹೆಡ್ ತೂತು ಮೂರೂ ಒಂದಕ್ಕೊಂದು ಸರಿಯಾಗಿ ಕೂರೋ ಹಾಗೆ ಉಜ್ಜೋದು, ಒಳಗೆ ಕೊರೆದು ದೊಡ್ಡದು ಮಾಡೋದು ಬೇಡ. ಮತ್ತೆ ಹೆಡ್ ಫೇಸಿಂಗ್, ಅಂದ್ರೆ ಹೆಡ್ ತಳ ಸಮ ಮಾಡಿ ಕೆತ್ತೋದು.

ಫೇಸಿಂಗ್‌ನ ಲೆಕ್ಕ ಹೀಗೆ. ಒಂದು ಸಿಲಿಂಡರ್ 248 ಸಿಸಿ, ಕಂಪ್ರೆಷನ್ ರೇಶಿಯೊ (ಒಳಗಿನ ಗಾಳಿ ಎಷ್ಟು ಪಟ್ಟು ಒತ್ತಿಹೋಗತ್ತೆ ಅನ್ನೋದು) 9:1 ಅಂತ ಇಟ್ಕೊಂಡ್ರೆ ಮೇಲಿನ ಚೇಂಬರ್ 31 ಸಿಸಿ. ಹೆಡ್ಡಿಂದ ಅರ್ಧ ಮಿಲಿಮೀಟರ್ ಕೆತ್ತಿದ್ರೆ ಒಂದೂವರೆಯಿಂದ ಎರಡು ಸಿಸಿ ಹೋಗತ್ತೆ, ಕಂಪ್ರೆಷನ್ 9.5ರ ಹತ್ರ ಬರತ್ತೆ, ಈಗಿನ ಪೆಟ್ರೋಲ್ ಇದನ್ನ ಆರಾಮಾಗಿ ತಾಳ್ಕೊಳತ್ತೆ, ಎತ್ತರದ ಊರಲ್ಲಂತೂ ಇನ್ನೂ ಆರಾಮು. ಹಿಂದೆ ಎಷ್ಟು ಸಲ ಫೇಸಿಂಗ್ ಆಗಿದೆ ಅಂತ ಹೆಡ್ ದಪ್ಪ ಅಳೆದು ನೋಡ್ದೆ ಕೆತ್ತಿಸಬೇಡಿ. ಜೋಡಿಸುವಾಗ ಹೊಸ ಗ್ಯಾಸ್ಕೆಟ್, ಹೊಸ ವಾಲ್ವ್ ಸೀಲ್, ಹೊಸ ಟೈಮಿಂಗ್ ಬೆಲ್ಟ್, ಹೆಡ್ ಬೋಲ್ಟ್ ಟಾರ್ಕ್ ವ್ರೆಂಚಲ್ಲೇ, "ಕೈ ಅಂದಾಜು ಸಾಕು ಸಾರ್" ಅನ್ನೋರ ಹತ್ರ ಈ ಕೆಲಸ ಕೊಡಬೇಡಿ. ಸಾವಿರ ಕಿಲೋಮೀಟರ್ ಆದ್ಮೇಲೆ ಟ್ಯಾಪೆಟ್ ಇನ್ನೊಂದ್ಸಲ, ಟೈಮಿಂಗ್ ಇನ್ನೊಂದ್ಸಲ.

ಬ್ರೇಕು, ಟೈರು, ಮತ್ತೆ ದಂಡ ಖರ್ಚುಗಳು

ಹೆಡ್ ಕೆಲಸಕ್ಕೆ ಕೈ ಹಾಕೋ ಮುಂಚೆ ಬ್ರೇಕ್ ಆಗಿರಬೇಕು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. ಹಳೇ ಫ್ಲೂಯಿಡ್ ಪೂರ್ತಿ ತೆಗೆಸಿ ಹೊಸದು, ಮುಂದಿನ ರಬ್ಬರ್ ಹೋಸ್ ಬದಲು, ಕ್ಯಾಲಿಪರ್ ಪಿನ್ ಗ್ರೀಸ್. ಟೈರ್ ಅಗಲ ಮಾಡೋ ಆಸೆ ಬಿಡಿ, ಭಾರದ ಅಲಾಯ್, ದಪ್ಪ ಟೈರ್ ಹಾಕಿದ್ರೆ ಕಷ್ಟಪಟ್ಟು ತಂದ ಪಿಕಪ್ ಅಲ್ಲೇ ಖರ್ಚಾಗತ್ತೆ. ಡಿಕ್ಕೀಲಿರೋ ದೊಡ್ಡ ಸಬ್ ವೂಫರ್ ಡಬ್ಬಿ ಇಳಿಸಿದ್ರೆ ದುಡ್ಡಿಲ್ಲದೆ ಪಿಕಪ್ ಬರತ್ತೆ, ಇದನ್ನ ಯಾರೂ ಒಪ್ಪಲ್ಲ ಗೊತ್ತು.

ಪೆಟ್ರೋಲ್ ಪೈಪಿಗೆ ಕಟ್ಟೋ ಮ್ಯಾಗ್ನೆಟ್, ಗಾಳಿ ಸುತ್ತಿಸೋ ಫ್ಯಾನ್, ಬ್ಯಾಟರಿಗೆ ಹಾಕೋ ಸ್ಟೆಬಿಲೈಸರ್, ಸೈಲೆನ್ಸರಲ್ಲಿ ಟರ್ಬೋ ಸೌಂಡ್ ಮಾಡೋ ಪೀಪಿ, ಟ್ಯಾಂಕಿಗೆ ಹಾಕೋ ಪವರ್ ಬಾಟ್ಲಿ, ಇದ್ಯಾವುದೂ ಬೇಡ.

ಎಸ್ಟೀಮ್ ಇಂಜಿನ್ ಕೂರಿಸೋ ಆಸೆ ಇರೋರಿಗೆ

ಝೆನ್ ಬಾನೆಟ್ ಒಳಗೆ 1298 ಸಿಸಿ ಎಸ್ಟೀಮ್ ಇಂಜಿನ್ ಕೂರಿಸೋದು ಹಳೇ ಹುಚ್ಚು, ಆ ಎಂಪಿಎಫ್ಐ ಇಂಜಿನ್ 85 ಬಿಎಚ್‌ಪಿ, ಗಾಡಿ ಹಾರತ್ತೆ ಅನ್ನೋದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸಿಲಿರೋ ವಿವರ ಕಂಪನಿ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಡಾಖಂಡಿತ ಹೇಳ್ತು, ಅದೇ ವರ್ಷದ ತಿದ್ದುಪಡಿ ಪ್ರಕಾರ ಓನರ್‌ಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ಸಿಸಿ ಬದಲಾದ್ರೆ ಇನ್ಶೂರೆನ್ಸ್ ಕ್ಲೇಮೂ ಕೈಬಿಟ್ಟ ಹಾಗೆ. 15 ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೆ ಎಫ್‌ಸಿಗೆ ಹೋಗ್ಲೇಬೇಕು, ಅಲ್ಲಿ ಇಂಜಿನ್ ನಂಬರ್ ನೋಡ್ತಾರೆ. ನಿಮ್ಮ ಇಂಜಿನ್ ನಿಜಕ್ಕೂ ಮುಗಿದಿದ್ರೆ ಅದೇ 993 ಸಿಸಿ ಕಾರ್ಬ್ ಇಂಜಿನ್ ಒಳ್ಳೇದು ಹುಡುಕಿ, ಕೂರಿಸೋ ಮುಂಚೆನೇ ಅದ್ರ ಕಂಪ್ರೆಷನ್ ನೋಡಿ, ಮಾರಿದೋರ ಹತ್ರ ಬಿಲ್ ಮತ್ತೆ ಆ ಗಾಡಿ ಆರ್‌ಸಿ ಜೆರಾಕ್ಸ್ ಇಸ್ಕೊಂಡು, ಆರ್‌ಟಿಓ ಅನುಮತಿ ತಗೊಂಡು, ಹೊಸ ಇಂಜಿನ್ ನಂಬರ್ ನಿಮ್ಮ ಆರ್‌ಸಿಲಿ ಬರೆಸ್ಕೊಂಡ ಮೇಲೇ ಗಾಡಿ ರಸ್ತೆಗೆ ತೆಗೀರಿ.